ಚೋಮ ಮತ್ತು ಫಾರಂ ನಂ. 7

1

ಬಿ.ಎ. ಎರಡನೇ ವರ್ಷದಲ್ಲಿ ನಮಗೆ 'ಚೋಮನ ದುಡಿ' ಪಾಠಕ್ಕಿತ್ತು. ಮೇಷ್ಟ್ರು ಒಳ್ಳೆಯವರು, ಚೆನ್ನಾಗಿಯೇ ಪಾಠ ಮಾಡಿದರು. ಚೋಮ ದುರಂತ ನಾಯಕ, ದುಡಿ ಅವನ ಅಂತರಂಗದ ಸಂಕೇತ, ಅವನ ಬೇಸಾಯದ ಆಸೆ ಮನುಷ್ಯ ಮಾತ್ರದವನ ಮೂಲಭೂತ ಆಸೆಯ ಪ್ರತೀಕ ಅಂತ ನೋಟ್ಸ್ ಬರೆಸಿದರು. ಬರೆದುಕೊಂಡೆವು. ಪರೀಕ್ಷೆಯಲ್ಲಿ ಅದನ್ನೇ ಕಕ್ಕಿ ಪಾಸಾದೆವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಕೇಳಬೇಕು ಅನ್ನಿಸಿದ ಒಂದು ಪ್ರಶ್ನೆ ಇತ್ತು. ಕೇಳಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯ ಅಡ್ಮಿಷನ್ ಜೊತೆಗೆ ಬರುವುದಿಲ್ಲ. ಆ ಪ್ರಶ್ನೆ ಇದು: ಅಲ್ಲಾ ಸಾರ್, 1933ರಲ್ಲಿ ಬಂದ ಕಾದಂಬರಿಯ ಈ ಚೋಮ ಸಾಯದೆ ಇನ್ನೊಂದು ನಲವತ್ತು ವರ್ಷ ಬದುಕಿದ್ದರೆ, 1974ರ ಭೂಸುಧಾರಣೆ ಬಂದಾಗ ಅವನಿಗೆ ಗದ್ದೆ ಸಿಗುತ್ತಿತ್ತಾ?

ಇದು ಸಾಹಿತ್ಯದ ಪ್ರಶ್ನೆಯಲ್ಲ, ಕಂದಾಯ ಇಲಾಖೆಯ ಪ್ರಶ್ನೆ ಅಂತ ಕೆಲವರು ಮೂಗು ಮುರಿಯಬಹುದು. ನನ್ನ ಪ್ರಕಾರ ಆ ಕಾದಂಬರಿ ಎತ್ತುವ ಮೊದಲ ಪ್ರಶ್ನೆಯೇ ಇದು. ಚೋಮ ಭೂಮಿಯ ಒಡೆಯನಾಗಬೇಕು ಅಂತ ಕೂಡ ಕೇಳಲಿಲ್ಲ. ಒಂದಿಷ್ಟು ಗದ್ದೆ ಗೇಣಿಗೆ ಕೊಡಿ, ಬೇಸಾಯ ಮಾಡ್ತೀನಿ ಅಂದ, ಅಷ್ಟೆ. ಜೋಡಿ ಎತ್ತು ಸಾಕಿಕೊಂಡು ಕಾದ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿಯ ಮಾತು ಅಡ್ಡ ಬಂತು, ಊರಿನ ಪದ್ಧತಿ ಅಡ್ಡ ಬಂತು. ಹೊಲೆಯ ಗದ್ದೆಯಲ್ಲಿ ದುಡಿಯಬಹುದು, ಗದ್ದೆಯ ಒಕ್ಕಲಾಗಬಾರದು. ಸಾಲ ತೀರಿಸಲು ಹೋದ ಮಗ ಕಾಯಿಲೆ ಬಿದ್ದು ಸತ್ತ. ಎಳೆಯ ಮಗ ನೀರಿನಲ್ಲಿ ಮುಳುಗುತ್ತಿದ್ದಾಗ ಮುಟ್ಟಿದರೆ ಮೈಲಿಗೆ ಅಂತ ಜನ ದಡದಲ್ಲೇ ನಿಂತರು. ಇಷ್ಟೆಲ್ಲ ಆದ ಮೇಲೂ ಅವನ ಬೇಡಿಕೆ ಒಂದೇ: ಗೇಣಿ. ನಮ್ಮ ವಿಮರ್ಶಕರು ಚೋಮನ ದುಡಿಯ ಸದ್ದನ್ನು ಎಷ್ಟು ತನ್ಮಯರಾಗಿ ಕೇಳಿದರೆಂದರೆ, ಅವನು ಬಾಯಿಬಿಟ್ಟು ಕೇಳಿದ್ದೇ ಅವರಿಗೆ ಕೇಳಿಸಲಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದುತ್ತಿದ್ದೇನೆ. ಒಂದು ಕಾರಂತರ ಕಾದಂಬರಿ. ಇನ್ನೊಂದು, ಯಾವ ವಿಮರ್ಶಕನೂ ಕೃತಿಯೆಂದು ಕೈಗೆತ್ತಿಕೊಳ್ಳದ ಕರ್ನಾಟಕ ಭೂಸುಧಾರಣಾ ಕಾಯಿದೆ.

2

ಮೊದಲು ಆ ಕಾಯಿದೆಗೆ ಸಲ್ಲಬೇಕಾದ್ದು ಸಲ್ಲಲಿ. 1961ರಲ್ಲಿ ಆದ ಕಾನೂನಿಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಆ ದಿನದಿಂದ ಸರ್ಕಾರದ ವಶ. ಗೇಣಿದಾರ ಫಾರಂ ನಂ. 7 ತುಂಬಿ ಅರ್ಜಿ ಹಾಕಬೇಕು. ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಭೂಮಿ ನೋಂದಾಯಿಸಬೇಕು. ಅರ್ಜಿಯ ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಮಂಡಳಿಯಲ್ಲಿ ಒಬ್ಬ ಅಸಿಸ್ಟೆಂಟ್ ಕಮಿಷನರ್, ಸರ್ಕಾರ ನೇಮಿಸಿದ ನಾಲ್ವರು, ಆ ನಾಲ್ವರಲ್ಲಿ ಒಬ್ಬನಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವನು. ಮೊದಲಿಗೆ ವಕೀಲರನ್ನು ಮಂಡಳಿಯ ಒಳಗೇ ಬಿಡಲಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಲೆಮಾರುಗಳಿಂದ ಗೇಣಿ ಅಳೆದು ಅಳೆದು ಬೆನ್ನು ಬಾಗಿದ್ದವರು ಮೊದಲ ಸಲ ನೆಟ್ಟಗೆ ನಿಂತರು. ಈ ಕಾನೂನು ಯಾರೋ ದೊಡ್ಡವರು ದಾನ ಕೊಟ್ಟಿದ್ದೂ ಅಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರ ದೊಡ್ಡ ಕೊಳಗದ ಅಳತೆಯ ವಿರುದ್ಧ ಎದ್ದು ಜೈಲು ಸೇರಿದ್ದರ ಬೆಲೆ ಅದರಲ್ಲಿದೆ.

ಈಗ ಪುಸ್ತಕ ತೆರೆಯೋಣ. ಕಾನೂನಿನ ಪುಸ್ತಕದಲ್ಲಿ ಎಲ್ಲರೂ ಹಾರಿಸಿ ಓದುವ ಭಾಗ ಒಂದಿದೆ: ಪರಿಭಾಷೆಗಳು. ಯಾವ ಪದಕ್ಕೆ ಯಾವ ಅರ್ಥ ಅನ್ನೋ ಪಟ್ಟಿ. ಕಾನೂನು ಯಾರನ್ನು ಕಾಪಾಡುತ್ತದೆ, ಯಾರನ್ನು ಬಿಡುತ್ತದೆ ಎಂಬುದು ಅಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ಈ ಕಾಯಿದೆಯ 4ನೇ ಕಲಂ ನೋಡಿ. ಕರಾರು ಪತ್ರ ಇಲ್ಲದಿದ್ದರೂ, ಬೇರೊಬ್ಬನ ಭೂಮಿಯನ್ನು ನ್ಯಾಯವಾಗಿ ಸಾಗುವಳಿ ಮಾಡುತ್ತಿರುವವನನ್ನು ಗೇಣಿದಾರನೆಂದೇ ಭಾವಿಸಬೇಕು ಅನ್ನುತ್ತದೆ. ಒಳ್ಳೆಯ ಮಾತು. ಕಾಗದ ಕಾಣದವನ ಪರವಾದ ಮಾತು. ಅದರ ಬೆನ್ನಿಗೇ ಯಾರನ್ನು ಹಾಗೆ ಭಾವಿಸಬಾರದು ಎಂಬ ಪಟ್ಟಿ ಬರುತ್ತದೆ: ಒಡೆಯನ ಮನೆಯವರು, ಭೂಮಿ ಅಡವು ಹಿಡಿದವರು, ಮತ್ತು ಫಸಲಿನ ಪಾಲು ಪಡೆಯದೆ ನಗದಿಗೋ ಕಾಳಿಗೋ ಒಡೆಯನ ಉಸ್ತುವಾರಿಯಲ್ಲಿ ದುಡಿಯುವ ಆಳುಗಳು. ಇಲ್ಲಿಗೆ ಚೋಮನ ಕಥೆ ಮುಗಿಯಿತು. 1933ರಲ್ಲಿ ಧಣಿಯ ತಾಯಿ ಜಗಲಿಯ ಮೇಲಿನಿಂದ ಇಲ್ಲ ಅಂದದ್ದನ್ನೇ 1974ರಲ್ಲಿ ಕಾಯಿದೆ ಕಲಂ ನಂಬರ್ ಹಾಕಿ ಹೇಳಿತು. ಅವಳು ಮೈಲಿಗೆ ಅಂದಳು, ಕಾಯಿದೆ ಕೂಲಿ ಅಂದಿತು. ಚೋಮ ನಿಂತದ್ದು ಎರಡೂ ಸಲ ಅಂಗಳದಲ್ಲೇ.

ಇನ್ನೊಂದು ಪದ ಇದೆ, ಸ್ವಂತ ಸಾಗುವಳಿ. ಯಾರನ್ನಾದರೂ ಕೇಳಿ, ಸ್ವಂತ ಸಾಗುವಳಿ ಅಂದರೆ ತಾನೇ ನೊಗ ಹಿಡಿಯುವುದು ಅಂತಾರೆ. ಕಾಯಿದೆಯ ಪ್ರಕಾರ ತಾನು ದುಡಿದರೂ ಸ್ವಂತ ಸಾಗುವಳಿ, ಮನೆಯವರು ದುಡಿದರೂ ಸ್ವಂತ ಸಾಗುವಳಿ, ಕೂಲಿಯಾಳುಗಳಿಂದ ದುಡಿಸಿ ತಾನು ಮೇಲೆ ನಿಂತು ನೋಡಿಕೊಂಡರೂ ಸ್ವಂತ ಸಾಗುವಳಿಯೇ. ಅಂದರೆ ಚೋಮ ಉತ್ತರೆ ಉತ್ತದ್ದು ಚೋಮ ಅಲ್ಲ, ಧಣಿ. ಬೆಳ್ಳಿ ನಾಟಿ ಮಾಡಿದರೆ ಬಗ್ಗಿದ ಸೊಂಟ ಧಣಿಯದು. ನಮ್ಮ ಕೈಗಳನ್ನು ಇನ್ನೊಬ್ಬರ ಕೈ ಎಂದು ಬರೆದುಕೊಂಡ ಈ ಒಂದು ವಾಕ್ಯದಷ್ಟು ಪರಿಣಾಮಕಾರಿಯಾದ ರೂಪಕವನ್ನು ನಾನಂತೂ ನವ್ಯ ಕಾವ್ಯದಲ್ಲಿ ಓದಿಲ್ಲ.

3

ಇದು ಬರೀ ತರ್ಕ ಅನ್ನಿಸಿದರೆ ನಮ್ಮಜ್ಜನ ಕಥೆ ಕೇಳಿ. ನಮ್ಮದು ಮಲೆನಾಡಿನ ಒಂದು ಹೋಬಳಿ. ಅಜ್ಜ ಒಬ್ಬ ಗೇಣಿದಾರರ ಮನೆಯಲ್ಲಿ ಆಳು. ಗದ್ದೆ ಯಾರೋ ಅಯ್ಯನೋರದು, ಅದನ್ನು ಗೇಣಿಗೆ ಮಾಡಿದವರು ಗೌಡರು, ಉತ್ತವನು ಅಜ್ಜ, ನಾಟಿ ಮಾಡಿದವಳು ಅಜ್ಜಿ. ದಿನಕ್ಕೆ ಇಷ್ಟು ಸೇರು ಭತ್ತ. ಗೌಡರು ಫಾರಂ ನಂ. 7 ಹಾಕಿದರು. ಅಯ್ಯನೋರು, ಇವನು ಗೇಣಿದಾರನೇ ಅಲ್ಲ ಅಂತ ತಕರಾರು ತೆಗೆದರು. ಆಗ ಗೌಡರು ಅಜ್ಜನನ್ನು ಸಾಕ್ಷಿಗೆ ಕರೆದುಕೊಂಡು ಹೋದರು. ಒಗೆದ ಅಂಗಿ ಕೊಡಿಸಿ, ಬಸ್ಸಿಗೆ ಹತ್ತಿಸಿ. ಮುಂದಿನದನ್ನು ಅಜ್ಜಿ ನನಗೆ ಎಷ್ಟೋ ಸಲ ಹೇಳಿದ್ದಾಳೆ.

"ಈ ಗದ್ದೆ ಉಳೋರು ಯಾರಪ್ಪಾ?" ಅಂತ ಕುರ್ಚಿ ಮೇಲಿದ್ದೋರು ಕೇಳಿದರಂತೆ.

"ನಾನೇ ಸ್ವಾಮಿ ಉಳೋದು. ಇಪ್ಪತ್ತು ವರ್ಷಾತು."

ಅಲ್ಲಿದ್ದವರೆಲ್ಲ ನಕ್ಕರಂತೆ. ಗೌಡರೂ ನಕ್ಕರಂತೆ, ಸ್ವಲ್ಪ ಹೆದರಿಕೊಂಡು.

"ನೊಗ ಹಿಡಿಯೋನು ಯಾರು ಅಂತ ಕೇಳ್ಲಿಲ್ಲ ಮಾರಾಯ. ಗೇಣಿ ಅಳೆಯೋದು ಯಾರು?"

"ಗೌಡ್ರು ಸ್ವಾಮಿ."

"ಹಾಂ, ಹಂಗೆ ಹೇಳು."

ಬರೆದುಕೊಂಡರು. ಅಜ್ಜ ಹೆಬ್ಬೆಟ್ಟು ಒತ್ತಿದ. ಆ ಸಾಕ್ಷಿಯ ಮೇಲೆ ಗದ್ದೆ ಗೌಡರ ಹೆಸರಿಗಾಯಿತು. ಉಳುವವನೇ ಹೊಲದೊಡೆಯ ಅಂತ ತಾಲ್ಲೂಕು ಕಚೇರಿಯ ಗೋಡೆ ಮೇಲೆ ಬರೆದಿತ್ತಂತೆ. ಅಜ್ಜನಿಗೆ ಓದೋಕೆ ಬರ್ತಿರಲಿಲ್ಲ. ಬಂದಿದ್ದರೆ ಅವನು ಹೇಳಿದ ಮೊದಲ ಉತ್ತರವೇ ಸರಿ ಅಂತ ತಿಳಿದುಬಿಡುತ್ತಿತ್ತು.

ಗೆಳೆಯರೇ, ಇದನ್ನು ಬರೆಯುವಾಗ ನನಗೆ ಗೌಡರ ಮೇಲೆ ಸಿಟ್ಟಿಲ್ಲ. ಅವರೂ ಅಯ್ಯನೋರ ಅಂಗಳದಲ್ಲಿ ಕೈಕಟ್ಟಿ ನಿಂತವರೇ. ಭೂಮಿ ಸಿಕ್ಕಿದ ಮೇಲೆ ಅವರ ಮನೆಗೆ ಹೆಂಚು ಬಂತು, ಮಕ್ಕಳು ಹೈಸ್ಕೂಲು ದಾಟಿದರು, ಮೊಮ್ಮಗ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದ. ಅದು ಆ ಕಾನೂನಿನ ಗೆಲುವು, ಅದನ್ನು ಸಣ್ಣದು ಮಾಡಬಾರದು. ನನ್ನ ತಕರಾರು ಇಷ್ಟೇ: ಜಾತಿಯ ಏಣಿಯಲ್ಲಿ ಯಾರಿಗೆ ಗೇಣಿಯಾದರೂ ಸಿಕ್ಕಿತ್ತೋ ಅವರಿಗೆ ಭೂಮಿ ಸಿಕ್ಕಿತು. ಜಾತಿಯ ಕಾರಣಕ್ಕೇ ಗೇಣಿ ಸಿಗದೆ ಹೋದವನನ್ನು, ನಿನಗೆ ಗೇಣಿ ಇರಲಿಲ್ಲವಲ್ಲ ಅಂತ ಕಾನೂನು ವಾಪಸ್ ಕಳಿಸಿತು. ಅಸ್ಪೃಶ್ಯತೆ ಮಾಡಿದ ಗಾಯವನ್ನೇ ಅನರ್ಹತೆ ಅಂತ ಓದಿತು. ಫಾರಂ ನಂ. 7ರಲ್ಲಿ ನನ್ನಜ್ಜಿಯ ಹೆಸರಿಗಂತೂ ಯಾವ ಕಡೆಯಿಂದಲೂ ಜಾಗ ಇರಲಿಲ್ಲ.

ಕಾನೂನು ನಮ್ಮನ್ನು ಪೂರ್ತಿ ಮರೆತಿತ್ತು ಅಂದರೆ ಸುಳ್ಳಾಗುತ್ತದೆ. ಮಿತಿ ಮೀರಿದ ಭೂಮಿ ಹಂಚುವಾಗ ಪರಿಶಿಷ್ಟರಿಗೆ ಮೀಸಲು ಇಟ್ಟಿತ್ತು. ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕೂಲಿಗೆ 38ನೇ ಕಲಂ ಆ ಮನೆಯ ಜಾಗದ ಹಕ್ಕು ಕೊಟ್ಟಿತು. ಆದರೆ ಇದರ ಅರ್ಥ ನೋಡಿ. ಕೂಲಿಯವನು ಮಲಗುವ ಜಾಗಕ್ಕೆ ಕಾನೂನಿನಲ್ಲಿ ಅವನ ಹೆಸರಿದೆ, ಅವನು ದುಡಿಯುವ ಜಾಗಕ್ಕೆ ಇಲ್ಲ. ಮಂಡಳಿಯಲ್ಲಿ ಕೂತಿದ್ದ ನಮ್ಮವನೊಬ್ಬನೂ ಅದೇ ಪರಿಭಾಷೆ ಓದಿಯೇ ತೀರ್ಪಿಗೆ ಸಹಿ ಹಾಕಬೇಕಿತ್ತು. ಕುರ್ಚಿ ಸಿಕ್ಕರೆ ಸಾಲದು ಎಂಬ ಪಾಠ ಅಲ್ಲೇ ಇತ್ತು.

4

ಹಾಗಾದರೆ ಕಾನೂನು ಕಲ್ಪನೆ ಮಾಡಲಾರದ್ದೇ? ಮಾಡಬಲ್ಲದು. 'ಭಾವಿಸತಕ್ಕದ್ದು' ಅನ್ನುವ ಒಂದು ಪದದಿಂದ ಅದು ಇಲ್ಲದ್ದನ್ನು ಇದೆ, ಇದ್ದದ್ದನ್ನು ಇಲ್ಲ ಅನ್ನಿಸಬಲ್ಲದು. 2020ರಲ್ಲಿ ಅದೇ ಕಾಯಿದೆಗೆ ಇನ್ನೊಂದು ತಿದ್ದುಪಡಿ ಬಂತು. ಕೃಷಿಯೇತರ ಆದಾಯ ಒಂದು ಮಿತಿ ಮೀರಿದವರು, ಬೇಸಾಯಗಾರರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಎಂದಿದ್ದ 79ಎ, 79ಬಿ ಮತ್ತು ಅವಕ್ಕೆ ಹೊಂದಿಕೊಂಡ 79ಸಿ ಕಲಂಗಳನ್ನು ತೆಗೆದುಹಾಕಿದರು. ಅಂದಿನಿಂದ ತೆಗೆದದ್ದಲ್ಲ, 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲ ಎಂದು ಭಾವಿಸಬೇಕು ಅಂದರು. ಕೊಳ್ಳುವ ಶಕ್ತಿ ಇದ್ದವನ ಸಲುವಾಗಿ ಪ್ರಭುತ್ವ 46 ವರ್ಷ ಹಿಂದಕ್ಕೆ ಹೋಗಿ ಬಾಗಿಲು ತೆಗೆದು ಬಂತು. ನನ್ನಜ್ಜನ ಇಪ್ಪತ್ತು ವರ್ಷದ ಉಳುಮೆಯನ್ನು ಗೇಣಿ ಎಂದು ಭಾವಿಸೋದಕ್ಕೆ ಅಷ್ಟು ದೂರ ಹೋಗಬೇಕಿರಲಿಲ್ಲ, ಗದ್ದೆಯ ಬದುವಿನ ತನಕ ಬಂದಿದ್ದರೆ ಸಾಕಿತ್ತು.

ಗೇಣಿಯ ಕಾನೂನಿನಲ್ಲಿ ಕಂಡ ಈ ಪದಗಳ ಆಟ ಬೇರೆ ಕಡೆಯೂ ಇದೆ. ಎರಡು ಉದಾಹರಣೆ ಕೊಡುತ್ತೇನೆ.

ಮಕ್ಕಳ ವಿಷಯ ತಗೊಳ್ಳಿ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಆಗಿ, 14 ವರ್ಷದ ಒಳಗಿನ ಮಗುವನ್ನು ಯಾವ ಕೆಲಸಕ್ಕೂ ಹಚ್ಚಬಾರದು ಅಂತ ಆಯಿತು. ದೊಡ್ಡ ಹೆಜ್ಜೆ. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಕುಟುಂಬದ ಉದ್ಯಮದಲ್ಲಿ ಮಗು ನೆರವಾಗಬಹುದು ಅಂತ ಒಂದು ಬಾಗಿಲು ತೆರೆದಿಟ್ಟರು. ಕುಟುಂಬದ ಉದ್ಯಮ! ಅಂಗಡಿ ಇರುವ ಮನೆಯ ಮಗು ಸಂಜೆ ಗಲ್ಲಾದ ಪಕ್ಕ ಕೂತು ಲೆಕ್ಕ ಕಲಿಯುತ್ತದೆ. ನಮ್ಮ ಕೇರಿಯಲ್ಲಿ ಕುಟುಂಬದ ಉದ್ಯಮ ಅಂದರೆ ಜಾತಿ ಹೊರಿಸಿದ ಕಸುಬು: ಚಾಪೆ, ಪೊರಕೆ, ಚರ್ಮ. ತಂದೆಯ ಕಸುಬು ಮಗನ ಬೆನ್ನಿಗೆ ಬೀಳಬಾರದು ಅಂತಲೇ ನಾವು ಮಕ್ಕಳನ್ನು ಶಾಲೆಗೆ ಅಟ್ಟಿದ್ದು. ನಾಟಿ ಕಾಲದಲ್ಲಿ ಸಸಿ ಕೀಳುವ ಮಗುವನ್ನು ತೋರಿಸಿ ಮೇಷ್ಟ್ರು ಕೇಳಿದರೆ ಗದ್ದೆಯವರು, "ಅದು ತಾಯಿ ಜೊತೆ ಬಂದಿದೆ, ನಾವೇನು ಕರೆದಿಲ್ಲ" ಅಂತಾರೆ. ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ, ಗದ್ದೆ ಆ ತಾಯಿಯದಲ್ಲ. ಆದರೂ ಕುಟುಂಬ ಅನ್ನುವ ಮಾತು ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ಹಳ್ಳಿ ಮೇಷ್ಟ್ರುಗಳಿಗೆ ನಾನಿದನ್ನು ಹೇಳಿಕೊಡಬೇಕಾಗಿಲ್ಲ, ಜುಲೈ ತಿಂಗಳ ಹಾಜರಿ ಪುಸ್ತಕ ಅವರ ಕೈಯಲ್ಲೇ ಇದೆ.

ಇನ್ನು ಗ್ರಾಹಕ. ನಮ್ಮವ್ವನಿಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್ ಕೀವಾಗಿ ಎರಡು ತಿಂಗಳು ತೋಳು ಎತ್ತಲಾಗಲಿಲ್ಲ. ಎರಡು ತಿಂಗಳ ಕೂಲಿ ಹೋಯಿತು. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ ಅಂತ ಆಗ ತಾನೇ ಡಿಗ್ರಿ ಮುಗಿಸಿದ್ದ ನಾನು ವಕೀಲರೊಬ್ಬರ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಮಾತು: "ಎಷ್ಟು ದುಡ್ಡು ಕೊಟ್ಟಿದ್ರಿ?" ಕೊಟ್ಟಿರಲಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಪುಕ್ಕಟೆ ಸೇವೆಯನ್ನು ಸೇವೆಯ ಪರಿಭಾಷೆಯಿಂದಲೇ ಹೊರಗಿಟ್ಟಿತ್ತು. ಡಾಕ್ಟರುಗಳೂ ಈ ಕಾನೂನಿಗೆ ಒಳಪಡುತ್ತಾರೆ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗಲೂ, ಎಲ್ಲರಿಗೂ ಎಲ್ಲವನ್ನೂ ಉಚಿತವಾಗಿ ಕೊಡುವ ಆಸ್ಪತ್ರೆ ಇದರೊಳಗೆ ಬರುವುದಿಲ್ಲ, ಹೆಸರಿಗೆ ಕೊಡುವ ಚೀಟಿ ದುಡ್ಡಿನಿಂದ ಅದು ಬದಲಾಗುವುದಿಲ್ಲ ಎಂದಿತು. 2019ರ ಹೊಸ ಕಾಯಿದೆಯಲ್ಲೂ ಪುಕ್ಕಟೆ ಸೇವೆ ಹೊರಗೇ. ಸಿವಿಲ್ ಕೋರ್ಟಿದೆಯಲ್ಲ ಅಂದರು ವಕೀಲರು. ಅಲ್ಲಿಗೆ ಹೋಗುವ ತ್ರಾಣ ಇದ್ದಿದ್ದರೆ ಅವ್ವ ಆ ಆಸ್ಪತ್ರೆಗೇ ಹೋಗುತ್ತಿರಲಿಲ್ಲ. ದುಡ್ಡು ಕೊಟ್ಟವನಿಗೆ ಆದರೆ ಲೋಪ, ಕೊಡಲಾರದವಳಿಗೆ ಆದರೆ ಹಣೆಬರಹ.

ಗೇಣಿ ಕೊಟ್ಟವನು ಗೇಣಿದಾರ, ದುಡ್ಡು ಕೊಟ್ಟವನು ಗ್ರಾಹಕ. ಬೆವರನ್ನು ಬಿಟ್ಟು ಬೇರೇನೂ ಕೊಡಲಾಗದವನಿಗೆ ಈ ಪುಸ್ತಕಗಳಲ್ಲಿ ಪದ ಇಲ್ಲ.

5

ಪದ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಬೇರೆಯವರು ಬರೆಸಿಕೊಂಡರೆ ಅದು ಅಸಿಂಧು, ಜಮೀನು ವಾಪಸ್ ಕೊಡಿಸಬೇಕು ಅಂತ 1978ರ ಪಿ.ಟಿ.ಸಿ.ಎಲ್. ಕಾಯಿದೆ ಹೇಳಿತು. ಅಲ್ಲಿ ಕಾನೂನು ನಮ್ಮನ್ನು ಹೆಸರು ಹಿಡಿದು ಕರೆದಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಇಂಥ ಅರ್ಜಿ ಸಮಂಜಸ ಕಾಲದೊಳಗೆ ಬರಬೇಕು ಅಂದ ಮೇಲೆ ನಮ್ಮ ಜನರ ಅರ್ಜಿಗಳು ತಡವಾಯಿತು ಅನ್ನುವ ಕಾರಣಕ್ಕೆ ಬೀಳತೊಡಗಿದವು. ಅಕ್ಷರವೇ ತಡವಾಗಿ ಸಿಕ್ಕ ಜನ ಅರ್ಜಿಯನ್ನು ಬೇಗ ಎಲ್ಲಿಂದ ತರಬೇಕು? ಭೂಮಿ ಕಳೆದುಕೊಂಡವರು ಬೀದಿಯಲ್ಲಿ ಕೂತರು. 2023ರಲ್ಲಿ ಕಾಲಮಿತಿ ಇಲ್ಲ ಅನ್ನುವ ತಿದ್ದುಪಡಿ ಬಂತು. ಪರಿಭಾಷೆ ಆಕಾಶದಿಂದ ಉದುರುವುದಿಲ್ಲ, ಅದನ್ನು ಬರೆಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಈಗ ಮತ್ತೆ ಕಾದಂಬರಿಗೆ ಬರುತ್ತೇನೆ. ಕಾರಂತರು ದೊಡ್ಡವರು. ಶಾಸನ ಬರೆದವರಿಗೆ 1974ರಲ್ಲೂ ಕಾಣದ್ದು ಅವರಿಗೆ 1933ರಲ್ಲೇ ಕಂಡಿತ್ತು: ಹೊಲೆಯನ ದುಃಖ ಗೇಣಿ ಹೆಚ್ಚಾಯಿತು ಅನ್ನುವುದಲ್ಲ, ಗೇಣಿಯೇ ಇಲ್ಲ ಅನ್ನುವುದು. ಆದರೆ ಅವರು ಚೋಮನನ್ನು ಒಂಟಿ ಮಾಡಿದರು. ಅವನ ಕೇರಿಯಲ್ಲಿ ಇನ್ನೂ ಹತ್ತು ಚೋಮರಿದ್ದರಲ್ಲ, ಅವರೆಲ್ಲ ಎಲ್ಲಿ? ಅವರು ಒಂದು ಕಡೆ ಕೂತು ಮಾತಾಡಿದ್ದು ಯಾಕೆ ಕಾದಂಬರಿಯೊಳಗೆ ಬರಲಿಲ್ಲ? ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುವುದು ಓದುವವರ ಕಣ್ಣಲ್ಲಿ ನೀರು ತರಿಸುತ್ತದೆ. ಆ ನೀರು ಧಣಿಯ ಗದ್ದೆಗೆ ಹರಿಯುತ್ತದೆಯೇ ಹೊರತು ಚೋಮನಿಗೆ ಒಂದು ಮುಷ್ಟಿ ಮಣ್ಣು ಕೊಡಿಸುವುದಿಲ್ಲ. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಬಂತು, ರಾಷ್ಟ್ರ ಪ್ರಶಸ್ತಿ ಪಡೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯಿದೆಯಾಯಿತು. ಊರೂರಲ್ಲಿ ಫಾರಂ ನಂ. 7 ತುಂಬುತ್ತಿದ್ದ ಕಾಲವೂ ಅದೇ. ಪ್ರಶಸ್ತಿ ಚೋಮನ ಕಥೆಗೆ, ಬಿಡುಗಡೆ ಚೋಮನ ಸಾಲಕ್ಕೆ, ಗದ್ದೆ ಮಾತ್ರ ಬೇರೆಯವರಿಗೆ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡದ ವಿಮರ್ಶೆ ಅರ್ಧ ವಿಮರ್ಶೆ.

ಆದ್ದರಿಂದ ಈ ಪತ್ರಿಕೆ ಓದುವ ಸಂಗಾತಿಗಳಲ್ಲಿ, ಮುಖ್ಯವಾಗಿ ವಿದ್ಯಾರ್ಥಿಗಳಲ್ಲಿ, ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಕವಿಗೋಷ್ಠಿ ಮಾಡೋಣ, ಹಾಡು ಕಟ್ಟೋಣ. ಅದರ ಜೊತೆಗೆ ತಿಂಗಳಿಗೊಂದು ಸಂಜೆ ಕೇರಿಯಲ್ಲಿ ಕೂತು ಒಂದು ಕಾಯಿದೆಯ ಪರಿಭಾಷೆಗಳನ್ನು ಗಟ್ಟಿಯಾಗಿ ಓದೋಣ. ಓದುತ್ತ ಪ್ರತಿ ಪದಕ್ಕೂ ಕೇಳೋಣ: ಇದರಲ್ಲಿ ನೀನಿದ್ದೀಯಾ? ನಿನ್ನ ಹೆಂಡತಿ ಇದ್ದಾಳಾ? ನಿನ್ನ ಮಗು ಇದೆಯಾ? ಇದ್ದರೆ ಅರ್ಜಿ ಬರೆದು, ತಾರೀಖು ಹಾಕಿ, ಕೊಟ್ಟದ್ದಕ್ಕೆ ಸಹಿ ಮಾಡಿಸಿಕೊಳ್ಳೋಣ. ಇಲ್ಲದಿದ್ದರೆ ಯಾಕಿಲ್ಲ ಅಂತ ಬೀದಿಗೆ ಹೋಗೋಣ. ನಾನು ಕವಿತೆ ಬರೆಯುವವನು, ಆದರೂ ಹೇಳುತ್ತೇನೆ: ಈ ಕಾಲದಲ್ಲಿ ನಮ್ಮವರಿಗೆ ಬರೆದುಕೊಟ್ಟ ಒಂದು ಒಳ್ಳೆಯ ಅರ್ಜಿ ನನ್ನ ಹತ್ತು ಕವಿತೆಗೆ ಸಮ.

ಹೋದ ವರ್ಷ ಅಜ್ಜಿಗೆ ಈ 4ನೇ ಕಲಂ ಓದಿ ಹೇಳಿದೆ. ಅವಳು ಎಲೆ ಅಡಿಕೆ ಕುಟ್ಟುತ್ತ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು: "ಇದನ್ನ ಬರಿಯೋ ಹೊತ್ತಿಗೆ ಅಲ್ಲಿ ನಮ್ಮೋರು ಯಾರೂ ಇರ್ಲಿಲ್ವನಾ ಮಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಕಲಂ ಬರೆಯುವ ಹೊತ್ತಿಗೆ ನಾವು ಅಲ್ಲಿ ಇರಬೇಕು.